ಪೆಟ್ಟಿಗೆ ಬಿಚ್ಚುವ ವೇಳೆ

ಹುಲಿಗೆಮ್ಮನ ಫೋನು ಬಂದಾಗ ಸುಗಂಧಿಯ ಎರಡೂ ಕೈ ಒದ್ದೆಯಾಗಿದ್ದವು. ಹೊಳೆ ಕಡಲು ಸೇರುವ ಗಂಗೊಳ್ಳಿ ಅಳಿವೆಯ ದಂಡೆಯಲ್ಲಿದ್ದ ಸೀಗಡಿ ಮರಿ ಕೇಂದ್ರದ ಪ್ಯಾಕಿಂಗ್ ಕೋಣೆಯಲ್ಲಿ ಅವಳು ಬೆಳಗಿನಿಂದ ನಲವತ್ತನೆಯ ಚೀಲಕ್ಕೆ ಆಮ್ಲಜನಕ ತುಂಬುತ್ತಿದ್ದಳು. ಚೀಲದ ಮೂರನೆಯ ಒಂದು ಪಾಲು ನೀರು, ಉಳಿದದ್ದು ಗಾಳಿ. ನೀರಿನಲ್ಲಿ ಹತ್ತು ಸಾವಿರ ಮರಿಗಳು. ಒಂದೊಂದೂ ಎರಡು ಜೀರಿಗೆ ಕಾಳಿನಷ್ಟು ಉದ್ದ, ಎರಡು ಕಪ್ಪು ಕಣ್ಣು ಬಿಟ್ಟರೆ ಮೈಯೆಲ್ಲ ಗಾಜು. ಚೀಲದ ಕುತ್ತಿಗೆ ತಿರುಚಿ, ಮಡಚಿ, ರಬ್ಬರ್ ಬ್ಯಾಂಡನ್ನು ಬಿಗಿಯಾಗಿ ಸುತ್ತಿ, ಬೆರಳಿನಿಂದ ಒಮ್ಮೆ ಚಿಮ್ಮಿದಳು. ಟಣ್ ಎಂದಿತು. ಆ ಸದ್ದು ಬಾರದ ಚೀಲವನ್ನು ಅವಳು ಪೆಟ್ಟಿಗೆಗೆ ಇಡುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಕಟ್ಟಿದ ಒಂದು ಚೀಲವೂ ದಾರಿಯಲ್ಲಿ ಸೋರಿರಲಿಲ್ಲ. ಕೇಂದ್ರದಲ್ಲಿ ಎಲ್ಲರಿಗೂ ಅದು ಗೊತ್ತಿತ್ತು; ಗೊತ್ತಿಲ್ಲದವರಿಗೆ ಅವಳೇ ಹೇಳುತ್ತಿದ್ದಳು.

ಕೈ ಒರೆಸಿಕೊಂಡು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

"ಅಕ್ಕಾರ, ಮತ್ತ ಸತ್ತಾವ್ರಿ," ಎಂದಳು ಹುಲಿಗೆಮ್ಮ. "ಹದಿನೆಂಟು ಪೆಟಗಿ. ಒಂದು ಮರೀನೂ ಮ್ಯಾಲೆ ಬರಲಿಲ್ಲ. ಎಲ್ಲಾ ಚೀಲದ ತಳದಾಗ ಗುಡ್ಡಿ ಬಿದ್ದಾವು."

ಹುಲಿಗೆಮ್ಮ ಇದ್ದದ್ದು ನಾನೂರು ಕಿಲೋಮೀಟರ್ ಆಚೆ, ಸಿಂಧನೂರಿನ ಬಳಿ. ಕಾಲುವೆ ನೀರು ಉಂಡುಂಡು ಉಪ್ಪೇರಿ, ಭತ್ತವೂ ಬೆಳೆಯದೆ ಬಿಳಿಚಿಕೊಂಡಿದ್ದ ಸವಳು ಭೂಮಿಯಲ್ಲಿ ನಲವತ್ತು ಹೆಂಗಸರು ಸೇರಿ ಹೊಂಡ ತೋಡಿ, ಬೋರಿನ ಉಪ್ಪುನೀರು ತುಂಬಿ ಸೀಗಡಿ ಸಾಕುತ್ತಿದ್ದರು. ಆ ಗುಂಪಿಗೆ ಹುಲಿಗೆಮ್ಮನೇ ಮುಂದಾಳು. ಸುಗಂಧಿ ಅವಳ ಮುಖ ನೋಡಿರಲಿಲ್ಲ. ಪೆಟ್ಟಿಗೆಯ ಮೇಲೆ ಕಟ್ಟಿದವರ ಹೆಸರು, ನಂಬರು ಬರೆಯುವ ಪದ್ಧತಿಯಿತ್ತು. ಹಾಗೆ ಶುರುವಾದ ಪರಿಚಯ.

"ಪೂರಾ ಸತ್ತೊ?" ಎಂದು ಕೇಳಿದಳು ಸುಗಂಧಿ.

"ಅದೇ ನನಗ ತಿಳೀವಲ್ದು ನೋಡ್ರಿ. ಒಂದೇ ಗಾಡ್ಯಾಗ ಮೂವತ್ತಾರು ಪೆಟಗಿ ಬಂದಾವು. ನಿನ್ನಿ ಮುಂಜಾನಿ ಎಂಟಕ್ಕ ಹದಿನೆಂಟು ಬಿಚ್ಚಿದ್ವಿ, ಅವು ಸತ್ತಾವು. ಉಳಿದಿದ್ದು ಬಿಚ್ಚಾಕ ಮನಸ್ಸು ಬರಲಿಲ್ಲ, ಸಂಜಿ ನಾಕಕ್ಕ ಬಿಚ್ಚಿದ್ವಿ. ಅವು ಒಂದೂ ಸತ್ತಿಲ್ರಿ. ಹೊಂಡದಾಗ ಆಡಾಕತ್ತಾವು."

ಎರಡು ಸರದಿಯ ಪೆಟ್ಟಿಗೆಗಳನ್ನೂ ಕಟ್ಟಿದ್ದು ಸುಗಂಧಿಯೇ.

*

ಮೊದಲೆಲ್ಲ ಮರಿ ಸಾಗಿಸುವುದು ಒಂದು ದಿನದ ಓಟವಾಗಿತ್ತು. ಚೀಲದ ಗಾಳಿ ಮುಗಿಯುವುದರೊಳಗೆ ಊರು ಮುಟ್ಟಬೇಕು, ಮುಟ್ಟಿದರೆ ಗೆದ್ದಂತೆ. ಆಮೇಲೆ ಮಬ್ಬುರೋಗ ಬಂತು. ರೋಗ ಹತ್ತಿದ ಮರಿ ನೋಡಲು ಆರೋಗ್ಯವಾಗಿಯೇ ಇರುತ್ತಿತ್ತು. ಯಾವ ಪರೀಕ್ಷೆಗೂ ಸಿಗದೆ ಎಂಟು ದಿನ ಒಳಗೇ ಅಡಗಿದ್ದು, ಒಂಬತ್ತನೆಯ ದಿನ ಹೊಂಡಕ್ಕೆ ಹೊಂಡವನ್ನೇ ಹಾಲಿನಂತೆ ಬೆಳ್ಳಗೆ ಮಾಡಿ ಮುಗಿಸುತ್ತಿತ್ತು. ಕರಾವಳಿಯ ಹೊಂಡಗಳು ನಾಲ್ಕು ವರ್ಷ ಬರಿದಾಗಿ ಬಿದ್ದವು. ಕೊನೆಗೆ ಕಾನೂನು ಬಂತು: ಪ್ರತಿ ಸಾಗಣೆಯ ಮಾದರಿಯನ್ನೂ ಒಂಬತ್ತು ದಿನ ಪ್ರಯೋಗಾಲಯದಲ್ಲಿಟ್ಟು ನೋಡಬೇಕು, ಅಲ್ಲಿಯವರೆಗೆ ಪೆಟ್ಟಿಗೆಯ ಮೊಹರು ಒಡೆಯಕೂಡದು.

ಒಂಬತ್ತು ದಿನ ಚೀಲದೊಳಗೆ ಮರಿ ಬದುಕಬೇಕಲ್ಲ? ಆ ದಾರಿ ತೋರಿಸಿದವರು ಕೇಂದ್ರದ ಮುಖ್ಯಸ್ಥೆ ಡಾ. ಐರಿನ್ ಡಿ'ಅಲ್ಮೇಡಾ. ಅಳಿವೆ ದಂಡೆಯ ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ಬೇಸಗೆಯಿಡೀ ಸತ್ತಂತೆ ಒಣಗಿ ಬಿದ್ದಿದ್ದು, ಮಳೆ ಬಿದ್ದೊಡನೆ ಎದ್ದು ಓಡಾಡುವ ಒಂದು ಹುಳವಿದೆ. ಅದರ ಮೈಯ ಸಾರದಿಂದ ಐರಿನ್ ಒಂದು ದ್ರಾವಣ ಮಾಡಿದರು. ಹದಿನಾಲ್ಕು ಡಿಗ್ರಿಯ ನೀರಿಗೆ ಅದರ ಹನಿ ಬಿದ್ದರೆ ಮರಿಗಳು ಹನ್ನೆರಡು ದಿನ ಮಲಗುತ್ತವೆ. ನಿಮಿಷಕ್ಕೆ ಇನ್ನೂರು ಸಲ ಬಡಿಯುವ ಗುಂಡಿಗೆ ನಾಲ್ಕು ಸಲ ಬಡಿಯುತ್ತದೆ. ತಿನ್ನುವುದಿಲ್ಲ, ಕಚ್ಚಾಡುವುದಿಲ್ಲ, ನೀರು ಕೆಡಿಸುವುದಿಲ್ಲ. ಪೆಟ್ಟಿಗೆಗಳು ಊರು ಸೇರಿ ತಣ್ಣನೆ ಕೋಣೆಯಲ್ಲಿ ಕಾಯುತ್ತವೆ. ಕೇಂದ್ರದಿಂದ 'ರೋಗವಿಲ್ಲ' ಎಂಬ ಸಂದೇಶ ಹೋದಾಗ ಅಲ್ಲಿಯವರು ಬಿಚ್ಚಿ ಎಬ್ಬಿಸುತ್ತಾರೆ. ಜನ ಅದಕ್ಕೆ ನಿದ್ದೆನೀರು ಎಂದರು.

ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಬೇಡಿಕೆ ಹೆಚ್ಚಿ, ಚೀಲಕ್ಕೆ ಎರಡು ಸಾವಿರದ ಬದಲು ಹತ್ತು ಸಾವಿರ ಮರಿ ತುಂಬತೊಡಗಿದ ಮೇಲೆ ಈ ಸಾವು ಶುರುವಾಯಿತು. ಒಮ್ಮೆ ಎಲ್ಲವೂ ಬದುಕುತ್ತವೆ, ಒಮ್ಮೆ ಎಲ್ಲವೂ ಸಾಯುತ್ತವೆ. ನಡುವಿನದ್ದಿಲ್ಲ.

*

ಮಧ್ಯಾಹ್ನ ಸುಗಂಧಿಯನ್ನು ನಿಯಂತ್ರಣ ಕೊಠಡಿಗೆ ಕರೆದರು. ಗೋಡೆಯ ತುಂಬ ಪರದೆಗಳು. ರಸ್ತೆಯ ಮೇಲಿರುವ ಪ್ರತಿ ಪೆಟ್ಟಿಗೆಯ ಉಷ್ಣತೆ, ಗಾಳಿ, ಪ್ರತಿ ಗಾಡಿಯ ಕುಲುಕಾಟ ಎಲ್ಲವೂ ಅಲ್ಲಿ ಗೆರೆಗಳಾಗಿ ಓಡುತ್ತಿದ್ದವು. ಡಾ. ಐರಿನ್ ಒಂದು ಕೆಂಪು ಗೆರೆಯ ಮೇಲೆ ಬೆರಳಿಟ್ಟಿದ್ದರು. ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದವನು ಸಿಂಧನೂರು ಗಾಡಿಯ ಚಾಲಕ ಭುಜಂಗ, ಸುಗಂಧಿಯ ಗಂಡ.

"ಘಾಟಿಯಲ್ಲಿ ನೋಡಿ," ಎಂದರು ಐರಿನ್. "ಕುಲುಕಾಟ ಮಿತಿಗಿಂತ ಮೂರು ಪಟ್ಟು. ನಿದ್ದೆಯಲ್ಲಿರುವ ಮರಿಗೆ ಇಷ್ಟು ಪೆಟ್ಟು ಬಿದ್ದರೆ ಏಳುವ ಶಕ್ತಿ ಎಲ್ಲಿರುತ್ತೆ? ಭುಜಂಗ, ತನಿಖೆ ಮುಗಿಯೋವರೆಗೆ ನೀವು ಗಾಡಿ ತೆಗೆಯೋದು ಬೇಡ."

"ಮೇಡಂ, ರಸ್ತಿ ಹಾಂಗಿತ್ತ್. ನಾನ್ ಇಪ್ಪತ್ತರ ಮೇಲೆ ಓಡ್ಸಲೇ ಇಲ್ಲ," ಎಂದ ಭುಜಂಗ.

"ನಾನು ನಿಮ್ಮನ್ನ ಸುಳ್ಳುಗಾರ ಅಂತಿಲ್ಲ. ಯಂತ್ರ ಹೇಳಿದ್ದನ್ನ ಹೇಳ್ತಿದ್ದೇನೆ."

ಸುಗಂಧಿ ಮುಂದೆ ಬಂದಳು. "ಮೇಡಂ, ಸತ್ತದ್ದೂ ಬದ್ಕಿದ್ದೂ ಒಂದೇ ಗಾಡಿ ಅಲ್ದಾ? ಒಂದೇ ಘಾಟಿ, ಒಂದೇ ಕುಲ್ಕಾಟ. ಅರ್ಧ ಪೆಟ್ಟಿಗಿ ಮಾತ್ರ ಸಾಯುದ್ ಹ್ಯಾಂಗೆ?"

ಐರಿನ್ ಪರದೆಯಿಂದ ಬೆರಳು ತೆಗೆದರು. ಆ ಪ್ರಶ್ನೆ ಅವರಿಗೆ ಹಿಡಿಸಲಿಲ್ಲ. "ಗಾಡಿಯ ಹಿಂದಿನ ಅರ್ಧಕ್ಕೆ ಹೆಚ್ಚು ಪೆಟ್ಟು ಬಿದ್ದಿರಬಹುದು," ಎಂದರು. "ಬೇರೆ ಕಾರಣ ಇದ್ದರೆ ತನ್ನಿ, ಕೇಳ್ತೇನೆ. ಊಹೆ ತರಬೇಡಿ."

*

ಭುಜಂಗ ಮನೆಯಲ್ಲಿ ಕುಳಿತು ಮೂರು ದಿನವಾಯಿತು. ಬಚ್ಚಲ ನಲ್ಲಿ ಸರಿ ಮಾಡಿದ, ಮಾಡಿನ ಹಂಚು ಸರಿ ಮಾಡಿದ, ಸರಿಯಿದ್ದ ಗೇಟನ್ನು ಬಿಚ್ಚಿ ಮತ್ತೆ ಜೋಡಿಸಿದ. ಭಾನುವಾರ ಮಧ್ಯಾಹ್ನ ಸುಗಂಧಿಯ ತಾಯಿ ಅಕ್ಕಮ್ಮ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಮಗಳನ್ನೂ ಅಳಿಯನನ್ನೂ ಹೊರಗೆ ಕರೆದರು. "ಬನ್ನಿ, ಹೊಳಿಗೆ ಹೋಪ. ಚಿಪ್ಪು ಹೆಕ್ಕುವ. ಮನಿಯೊಳಗೆ ಕೂಕಂಡ್ರೆ ತಲಿ ಕೆಡುದೇ ಸೈ."

ಅಳಿವೆಯ ನೀರು ಇಳಿದು ಕೆಸರುದಿಬ್ಬ ಮೇಲೆ ಬಂದಿತ್ತು. ಮೂವರೂ ಮೊಣಕಾಲು ಮುಳುಗುವ ನೀರಿನಲ್ಲಿ ಬಗ್ಗಿ ಕಾಲ್ಬೆರಳಿಂದ ಚಿಪ್ಪು ಹುಡುಕಿದರು. ಅಲ್ಲಲ್ಲಿ ಉಳಿದಿದ್ದ ಹೊಂಡಗಳಲ್ಲಿ ಸಣ್ಣ ಸೀಗಡಿ ಮರಿಗಳು ತಳಕ್ಕೆ ಅಂಟಿಕೊಂಡಂತೆ ಕೂತಿದ್ದವು. ಸುಗಂಧಿ ಒಂದರ ಮೇಲೆ ಕೈಯಾಡಿಸಿದಳು. ಅದು ಮೇಲೇಳದೆ ಮರಳಿಗೆ ಇನ್ನಷ್ಟು ಒತ್ತಿಕೊಂಡಿತು.

"ಈಗ ಏಳುದಿಲ್ಲ ಅದ್," ಎಂದರು ಅಕ್ಕಮ್ಮ. "ನೀರ್ ಇಳುವತಿಗೆ ಮೇಲ್ ಬಂದ್ರೆ ಕಡ್ಲಿಗೆ ಎಳ್ಕಂಡ್ ಹೋತ್ತಲ್ದಾ? ಅದ್ಕೆ ನೆಲ ಹಿಡ್ಕಂಡ್ ಕೂಕಂತ್ತ್. ನೀರ್ ಏರುಕೆ ಶುರು ಆಯ್ಲಿ, ಕಾಣ್, ಎಲ್ಲ ಮೇಲ್ ಬಂದ್ ಹೊಳಿ ಒಳ್ಗೆ ಹೋಪುದ್."

ಸುಗಂಧಿ ಅದನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಅವಳಿಗೆ ಅದು ಹೊಸ ಮಾತೇ ಅಲ್ಲ. ಆದರೆ ಹುಲಿಗೆಮ್ಮ ಹೇಳಿದ್ದು ಕಿವಿಯಲ್ಲಿತ್ತು: ಎಲ್ಲಾ ಚೀಲದ ತಳದಾಗ ಗುಡ್ಡಿ ಬಿದ್ದಾವು. ಅವಳು ನೆಟ್ಟಗೆ ನಿಂತಳು.

"ಹ್ವಾಯ್," ಎಂದು ಗಂಡನನ್ನು ಕೂಗಿದಳು, "ಹೋದ್ ಮಂಗ್ಳಾರ ಬೆಳಿಗ್ಗೆ ಎಂಟ್ ಗಂಟಿಗೆ ಇಲ್ಲ್ ನೀರ್ ಏರ್ತಿತ್ತಾ, ಇಳೀತಿತ್ತಾ?"

"ಇಳೀತಿತ್ತ್," ಎಂದ ಭುಜಂಗ. "ಆ ಹೊತ್ತಿಗೆ ದೋಣಿಯೆಲ್ಲ ಹೊರಗ್ ಹೋತಿತ್ತಲೆ. ಎಂತಕ್ಕೆ?"

"ಸಂಜಿ ನಾಲ್ಕ್ ಗಂಟಿಗೆ?"

ಭುಜಂಗ ಬೆರಳು ಮಡಚಿ ಲೆಕ್ಕ ಹಾಕಿದ. "ಏರ್ತಿತ್ತ್."

*

ಹುಲಿಗೆಮ್ಮ ಪ್ರತಿ ಸಲ ಪೆಟ್ಟಿಗೆ ಬಿಚ್ಚುವಾಗಲೂ ಫೋಟೊ ತೆಗೆದು ತಮ್ಮ ಗುಂಪಿಗೆ ಹಾಕುತ್ತಿದ್ದಳು. ಪ್ರತಿ ಫೋಟೊದ ಕೆಳಗೂ ವೇಳೆ ಇತ್ತು. ಸುಗಂಧಿ ಕೇಳಿದ್ದೇ ತಡ, ಆರು ತಿಂಗಳ ಫೋಟೊಗಳೆಲ್ಲ ಬಂದವು: ಮೂವತ್ತನಾಲ್ಕು ಸಲ ಬಿಚ್ಚಿದ್ದು. ಭುಜಂಗ ಬಂದರಿಗೆ ಹೋಗಿ ಗೋಡೆಗೆ ಅಂಟಿಸಿದ್ದ, ಕಡಲು ಏರಿ ಇಳಿಯುವ ವೇಳೆ ಬರೆದ ಭರತ-ಇಳಿತದ ಪಟ್ಟಿಗಳನ್ನು, ಹಳೆಯ ತಿಂಗಳುಗಳವನ್ನೂ ಹುಡುಕಿಸಿ, ತಂದ. ಗಂಡ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕುಳಿತರು. ಒಬ್ಬರು ಫೋಟೊದ ವೇಳೆ ಓದಿದರು, ಇನ್ನೊಬ್ಬರು ಆ ಹೊತ್ತಿಗೆ ಗಂಗೊಳ್ಳಿಯಲ್ಲಿ ಭರತವೋ ಇಳಿತವೋ ನೋಡಿ ಹೇಳಿದರು. ಅಕ್ಕಮ್ಮ ಒಲೆಯ ಮೇಲೆ ಗಂಜಿ ಇಟ್ಟು, ಪ್ರತಿ ಸಲವೂ ಉತ್ತರವನ್ನು ಪಟ್ಟಿಗಿಂತ ಮೊದಲೇ ಹೇಳುತ್ತಿದ್ದರು. ಬಹಳಷ್ಟು ಸಲ ಸರಿಯಿರುತ್ತಿತ್ತು.

ಸತ್ತದ್ದು ಹದಿನೈದು ಸಲ. ಅದರಲ್ಲಿ ಹದಿನಾಲ್ಕು ಸಲ ಬಿಚ್ಚಿದ್ದು ಇಳಿತದ ಹೊತ್ತಿನಲ್ಲಿ. ಬದುಕಿದ ಹತ್ತೊಂಬತ್ತು ಸಲವೂ ನೀರು ಏರುವ ಹೊತ್ತಿನಲ್ಲಿ.

ಸುಗಂಧಿ ಆ ಹಾಳೆ ಹಿಡಿದು ಮರುದಿನ ಐರಿನ್ ಅವರ ಕೋಣೆಗೆ ಹೋದಾಗ ಮೊದಲು ತೋರಿಸಿದ್ದು ಹೊಂದಿಕೆಯಾಗದ ಆ ಒಂದನ್ನು. "ಇದೊಂದ್ ನನ್ ಲೆಕ್ಕಕ್ಕೆ ಬತ್ತಿಲ್ಲ ಮೇಡಂ. ಭರತದಲ್ಲೇ ಬಿಚ್ಚಿದ್ರ್, ಆದ್ರೂ ಸತ್ತೊ. ಎಂತಕ್ಕಂದ್ ಗೊತ್ತಿಲ್ಲ. ಉಳ್ದದ್ ಮೂವತ್ಮೂರ್ ಕಾಣಿ."

ಐರಿನ್ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು. "ಸುಗಂಧಿ, ಸಿಂಧನೂರಲ್ಲಿ ಸಮುದ್ರ ಎಲ್ಲಿದೆ? ಅಲ್ಲಿನ ಹೊಂಡದಲ್ಲಿ ಭರತ ಎಲ್ಲಿ ಬರುತ್ತೆ?"

"ಅಲ್ಲಿ ಬತ್ತಿಲ್ಲ. ಮರಿ ತಕಂಡ್ ಹೋತ್ತ್ ಅಂದೇಳಿ ನನ್ ಲೆಕ್ಕ. ಇಲ್ಲಿ ಹೊಳಿ ನೀರಲ್ಲಿ ಹುಟ್ಟಿದ್ ಅಲ್ದಾ? ಮಲ್ಕಂಡ್ರೂ ಅದ್ರ ಮೈಗೆ ಇಲ್ಲಿ ವೇಳೆ ಗೊತ್ತಿತ್ತ್. ನೀರ್ ಇಳು ಹೊತ್ತಿಗೆ ಎಬ್ಬಿಸಿರೆ ಹತ್ತ್ ಸಾವ್ರವೂ ಒಂದೇ ಸಲ ತಳಕ್ಕೆ ಹೋತೊ. ಚೀಲದ್ ತಳ ಎಷ್ಟ್ ಅಗಲ ಇತ್ತ್? ಒಂದ್ರ ಮೇಲ್ ಒಂದ್ ಬಿದ್ದ್ ಉಸ್ರ್ ಕಟ್ಟಿ ಸಾಯ್ತೊ."

"ನಾವು ಇಲ್ಲಿ ದಿನಾ ಮಾದರಿ ಎಬ್ಬಿಸಿ ನೋಡ್ತೇವಲ್ಲ. ಒಂದೂ ಸತ್ತಿಲ್ಲ."

"ನೀವ್ ಇನ್ನೂರ್ ಮರಿ ಅಗಲ ತಟ್ಟಿಗೆ ಹಾಕಿ ಎಬ್ಬಿಸ್ತ್ರಿ ಮೇಡಂ. ಅಲ್ಲಿ ತಳಕ್ಕೆ ಹೋದ್ರೂ ಜಾಗ ಇತ್ತ್."

ಐರಿನ್ ಹಾಳೆಯನ್ನು ಮತ್ತೆ ಎಳೆದುಕೊಂಡರು. ಅಷ್ಟು ಓದಿದವರಿಗೆ ಆ ಮಾತಿನ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಳಿಗೆ ಗುಂಡಿಗೆ ನಿಧಾನವಾಗುತ್ತದೆ, ಉಸಿರು ನಿಧಾನವಾಗುತ್ತದೆ. ಜೀವಕೋಶದೊಳಗಿನ ಗಡಿಯಾರ ಮಾತ್ರ ಚಳಿಗೆ ಜಗ್ಗುವುದಿಲ್ಲ. ಅದು ಅವರು ಎಷ್ಟೋ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ಪಾಠ. ತಾವೇ ಮಾಡಿದ ನಿದ್ದೆನೀರಿಗೆ ಆ ಪಾಠವನ್ನು ಹಚ್ಚಿ ನೋಡಿರಲಿಲ್ಲ.

"ಎತ್ತರದ ಗಾಜಿನ ಕೊಳವೆ ತರಿಸ್ತೇನೆ," ಎಂದರು. "ನೀವೂ ಇರಿ."

ಎದೆಮಟ್ಟದ ಎರಡು ಕೊಳವೆಗಳು ಬಂದವು. ಒಂದೇ ತೊಟ್ಟಿಯ ನೀರು, ಒಂದೇ ದಿನ ಮಲಗಿಸಿದ ಮರಿಗಳು, ಕಿಟಕಿಗಳೆಲ್ಲ ಮುಚ್ಚಿದ ಕೋಣೆ. ಮೊದಲ ಚೀಲವನ್ನು ಸಂಜೆ ನಾಲ್ಕಕ್ಕೆ, ಹೊರಗೆ ನೀರು ಏರುವ ಹೊತ್ತಿನಲ್ಲಿ ಎಬ್ಬಿಸಿದರು. ಬೆಚ್ಚಗಾಗುತ್ತಿದ್ದಂತೆ ಮರಿಗಳು ಒಂದೊಂದಾಗಿ ಕಾಲು ಝಾಡಿಸಿ ಮೇಲೇರಿ ಇಡೀ ಕೊಳವೆಯನ್ನು ತುಂಬಿದವು. ಎರಡನೆಯದನ್ನು ಮರುದಿನ ಬೆಳಿಗ್ಗೆ ಹತ್ತಕ್ಕೆ, ಇಳಿತದಲ್ಲಿ ಎಬ್ಬಿಸಿದರು. ಅವೂ ಎದ್ದವು, ಎದ್ದೊಡನೆ ಎಲ್ಲವೂ ತಲೆ ಕೆಳಗೆ ಮಾಡಿ ಇಳಿದವು. ಕಾಲು ಗಂಟೆಯಲ್ಲಿ ಕೊಳವೆಯ ತಳದಲ್ಲಿ ಒಂದು ಗೇಣು ದಪ್ಪದ ಬೂದು ಪದರ. ಅದರ ಕೆಳಗಿನವು ಆಗಲೇ ಅಲುಗಾಡುತ್ತಿರಲಿಲ್ಲ.

ಐರಿನ್ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಪ್ಯಾಕಿಂಗ್ ಕೋಣೆಗೆ ಹೋಗಿ, ಎಲ್ಲರ ಎದುರು, ಭುಜಂಗನನ್ನು ಕರೆಸಿ ಹೇಳಿದರು: "ತಪ್ಪು ನನ್ನದು. ರಸ್ತೆಯದೂ ಅಲ್ಲ, ನಿಮ್ಮದೂ ಅಲ್ಲ. ಗಾಡಿ ತಗೊಳ್ಳಿ."

*

ಆದರೆ ಅಷ್ಟರಲ್ಲಿ ಸಿಂಧನೂರಿನ ಗುಂಪಿನ ತಾಳ್ಮೆ ಮುಗಿದಿತ್ತು. ಇದೊಂದು ಕೊನೆಯ ಸಲ, ಎಂದು ಹೇಳಿಕಳಿಸಿದ್ದರು. ಅರವತ್ತು ಪೆಟ್ಟಿಗೆ. ಇದೂ ಸತ್ತರೆ ಹೊಂಡ ಮುಚ್ಚಿ, ಎಲ್ಲರೂ ಮೊದಲಿನಂತೆ ಕೂಲಿಗಾಗಿ ಗುಳೆ ಹೋಗುವವರು. ಆ ಅರವತ್ತರ ಜತೆ ತಾನೂ ಹೋಗುತ್ತೇನೆಂದು ಸುಗಂಧಿ ಹಟ ಹಿಡಿದಳು. "ಕಟ್ಟಿದ ಕೈಯೇ ಬಿಚ್ಚಲಿ," ಎಂದಳು. ಐರಿನ್ ಬೇಡ ಎನ್ನಲಿಲ್ಲ.

ಪೆಟ್ಟಿಗೆಗಳು ಸಿಂಧನೂರಿನ ತಣ್ಣನೆ ಕೋಣೆ ಸೇರಿದವು. ಒಂಬತ್ತನೆಯ ದಿನ ಬೆಳಿಗ್ಗೆ ಏಳಕ್ಕೆ ಸಂದೇಶ ಬಂತು: ರೋಗವಿಲ್ಲ. ಗಂಗೊಳ್ಳಿಯಲ್ಲಿ ಆಗ ನೀರು ಇಳಿಯುತ್ತಿತ್ತು. ಒಂಬತ್ತೂ ಇಪ್ಪತ್ತಕ್ಕೆ ತಳ ಮುಟ್ಟಿ ತಿರುಗುವುದು. ತಿರುಗಿ, ಏರು ಗಟ್ಟಿಯಾಗಲು ನಲವತ್ತು ನಿಮಿಷ ಬಿಟ್ಟು, ಹತ್ತಕ್ಕೆ ಬಿಚ್ಚೋಣ ಎಂದಳು ಸುಗಂಧಿ.

ಕಷ್ಟ ಬೇರೆ ಕಡೆಯಿಂದ ಬಂದಿತ್ತು. ಬೆಳಗಿನ ಜಾವ ಐದಕ್ಕೆ ಊರ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಗಿತ್ತು. ತಣ್ಣನೆ ಕೋಣೆ ನಿಧಾನವಾಗಿ ಬಿಸಿಯೇರುತ್ತಿತ್ತು. ಸಂದೇಶ ಬಂದಾಗ ಪೆಟ್ಟಿಗೆಯೊಳಗೆ ಹದಿನಾರು ಡಿಗ್ರಿ. ಇಪ್ಪತ್ತು ದಾಟಿದರೆ ನಿದ್ದೆನೀರು ಸೋಲುತ್ತದೆ. ಮರಿಗಳು ತಾವಾಗಿಯೇ ಏಳುತ್ತವೆ, ಇಳಿತವಿದ್ದರೆ ತಳಕ್ಕೆ ಬೀಳುತ್ತವೆ.

ಹೊಂಡದ ದಂಡೆಯಲ್ಲಿ ನಲವತ್ತು ಹೆಂಗಸರು ಸೇರಿದ್ದರು. ಹುಲಿಗೆಮ್ಮ ಸುಗಂಧಿ ಎಣಿಸಿದ್ದಕ್ಕಿಂತ ಗಿಡ್ಡ, ದನಿ ಮಾತ್ರ ಎಣಿಸಿದ್ದಕ್ಕಿಂತ ದೊಡ್ಡದು. ಪಕ್ಕದಲ್ಲಿ ನಿಂತಿದ್ದ ದುರಗಮ್ಮ ಎಂಬವಳು ಸುಗಂಧಿಯ ಕಡೆ ನೋಡದೆ ಹೇಳಿದಳು: "ಕರೆಂಟಿಲ್ಲ, ಬಿಸಲು ಏರಾಕತ್ತೈತಿ, ಮತ್ತೂ ಮೂರು ತಾಸು ಕಾಯ್ರಿ ಅಂತಾಳ. ಗಂಗೊಳ್ಳ್ಯಾಗ ನೀರು ಇಳದ್ರ ನಮಗೇನ್ ಆಗತೈತಿ? ಬಿಚ್ಚ್ರಿ ಈಗ."

ಸುಗಂಧಿ ಹುಲಿಗೆಮ್ಮನನ್ನು ನೋಡಿದಳು. "ನಿಮ್ ಫೋಟೊ ಕಂಡೇ ನಾ ಹೇಳುದ್ ಹುಲಿಗೆಮ್ಮಕ್ಕ. ನೀವೇ ತೆಗ್ದದ್. ಹದ್ನಾಲ್ಕ್ ಸಲ ಸತ್ತದ್ ಇದೇ ಹೊತ್ತಂಗೆ."

ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾವು ಹದಿನಾಲ್ಕು ಸಲ ನಮಗ ತಿಳಿದಂಗ ಬಿಚ್ಚೀವಿ," ಎಂದಳು ಎಲ್ಲರಿಗೂ ಕೇಳುವಂತೆ. "ಒಂದು ಸಲ ಕಟ್ಟಿದಾಕಿ ಹೇಳಿದಂಗ ಬಿಚ್ಚೂಣು. ಹತ್ತರ ತನಕ ಇವನ್ನ ತಂಪಿಡಬೇಕು, ಅಷ್ಟ ಹೌದಲ್ರಿ? ನಡೀರಿ."

ಭುಜಂಗ ಗಾಡಿ ತೆಗೆದುಕೊಂಡು ಪೇಟೆಗೆ ಓಡಿದ. ಐಸ್ ಕ್ಯಾಂಡಿ ಮಾಡುವವನ ಮನೆಯಿಂದ, ಹಣ್ಣಿನ ರಸದ ಅಂಗಡಿಯಿಂದ, ಮದುವೆ ಮನೆಯೊಂದರಿಂದಲೂ ಐಸು ತಂದ. ಹೆಂಗಸರು ಭತ್ತದ ಹುಲ್ಲಿನ ಪೆಂಡಿ ಹೊತ್ತು ತಂದು ಕೋಣೆಯೊಳಗೆ ಹಾಸಿದರು, ಪೆಟ್ಟಿಗೆಗಳ ನಡುವೆ ತುರುಕಿದರು, ಗೋಣಿಚೀಲ ನೆನೆಸಿ ಮೇಲೆ ಹೊದಿಸಿದರು. ಚೀಲ ಒಣಗುತ್ತಿದ್ದಂತೆ ಬಾವಿಯಿಂದ ಕೊಡ ಸಾಲುಗಟ್ಟಿ ಬಂತು. ದುರಗಮ್ಮ ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಕೊಡ ಹೊತ್ತಳು.

ಗಂಗೊಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಐರಿನ್ ಪರದೆಯ ಮುಂದೆ ನಿಂತಿದ್ದರು. ಅರವತ್ತು ಗೆರೆಗಳೂ ಮೇಲೇರುತ್ತಿದ್ದವು. ಎಂಟೂವರೆಗೆ ಹದಿನೆಂಟು. ಒಂಬತ್ತಕ್ಕೆ ಹದಿನೆಂಟೂಮುಕ್ಕಾಲು. ಫೋನು ಮಾಡಿದರು.

"ಸುಗಂಧಿ, ಹತ್ತೊಂಬತ್ತಾಗ್ತಾ ಬಂತು. ಒಂದು ಡಿಗ್ರಿ ಉಳಿದಿದೆ ಅಷ್ಟೆ. ಈಗಲೇ ಬಿಚ್ಚಿಬಿಡೋಣ್ವಾ? ಅರ್ಧವಾದರೂ ಉಳಿದಾವು."

"ಅರ್ಧ ಉಳುದಿಲ್ಲ ಮೇಡಂ. ನೀವೇ ಕಂಡ್ರ್ಯಲೆ ಕೊಳವೆಯಲ್ಲಿ," ಎಂದಳು ಸುಗಂಧಿ. "ನೀವ್ ಕಿಟಕಿಯಿಂದ ಹೊಳಿ ಕಾಣಿ. ನೀರ್ ತಿರ್ಗಿರ್ ಕೂಡ್ಲೇ ನಂಗೆ ಹೇಳಿ. ಸಾಕ್."

ಆ ಕಡೆ ಕುರ್ಚಿ ಸರಿದ ಸದ್ದು. ಡಾ. ಐರಿನ್ ಪರದೆ ಬಿಟ್ಟು ಕಿಟಕಿಗೆ ಹೋಗಿದ್ದರು.

ಒಂಬತ್ತೂ ಇಪ್ಪತ್ತಮೂರಕ್ಕೆ ಫೋನು ಮತ್ತೆ ಬಂತು. "ಅಳಿವೆಯಲ್ಲಿ ತೇಲ್ತಿದ್ದ ತೆಂಗಿನಗರಿ ನಿಂತಿತು," ಎಂದರು ಐರಿನ್. "ಈಗ ಒಳಗೆ ಬರ್ತಾ ಇದೆ. ಸುಗಂಧಿ, ತಿರುಗಿತು."

ಹತ್ತಕ್ಕೆ ಪೆಟ್ಟಿಗೆಯೊಳಗೆ ಹತ್ತೊಂಬತ್ತೂವರೆ ಡಿಗ್ರಿ. ಸುಗಂಧಿ ಮೊದಲ ಪೆಟ್ಟಿಗೆಯ ಟೇಪು ಕಿತ್ತಳು. ಚೀಲವನ್ನು ಬಿಚ್ಚದೆ ಹೊಂಡದ ನೀರಿನಲ್ಲಿ ತೇಲಿಬಿಟ್ಟಳು. ಹೆಂಗಸರು ಉಳಿದ ಚೀಲಗಳನ್ನೂ ತೇಲಿಬಿಟ್ಟು ಸೊಂಟಮಟ್ಟದ ನೀರಿನಲ್ಲಿ ಅವುಗಳ ನಡುವೆ ನಿಂತರು. ಇಪ್ಪತ್ತು ನಿಮಿಷವಾದ ಮೇಲೆ ಸುಗಂಧಿ ಚೀಲದ ಬಾಯಿ ಬಿಚ್ಚಿ ಬೊಗಸೆ ಬೊಗಸೆಯಾಗಿ ಹೊಂಡದ ನೀರು ಬೆರೆಸಿದಳು.

ತಳದಲ್ಲಿ ಬೂದು ಧೂಳಿನಂತೆ ಬಿದ್ದಿದ್ದ ರಾಶಿ ಅಲುಗಿತು. ಒಂದು ಎದ್ದಿತು. ಸುಗಂಧಿ ಬಗ್ಗಿದಳು. ಅದು ಮತ್ತೆ ಕೆಳಗೆ ಹೋಗುತ್ತದೋ ಎಂದು ನೋಡಿದಳು. ಹೋಗಲಿಲ್ಲ. ಎರಡು, ಹತ್ತು, ಆಮೇಲೆ ಎಣಿಸಲಾಗದಷ್ಟು ಮರಿಗಳು ಮೇಲೇರಿ ಚೀಲದ ತುಂಬ ಹರಡಿದವು.

ಹುಲಿಗೆಮ್ಮ ಒಂದು ಬೋಗುಣಿಯಲ್ಲಿ ಅವನ್ನು ತುಂಬಿಕೊಂಡು ಕೈಯಿಂದ ನೀರನ್ನು ಗರಗರ ತಿರುಗಿಸಿದಳು. ಬಲವಿಲ್ಲದ ಮರಿಗಳು ನೀರಿನ ಜತೆ ಸುತ್ತಿ ನಡುವೆ ಗುಡ್ಡೆ ಬೀಳುತ್ತವೆ. ಇವು ಬೀಳಲಿಲ್ಲ. ಸಾವಿರಾರು ಮರಿಗಳೂ ಒಂದೇ ದಿಕ್ಕಿಗೆ ಮುಖ ತಿರುಗಿಸಿ, ಅವಳ ಕೈ ಎಬ್ಬಿಸಿದ ಹರಿವಿಗೆ ಎದುರಾಗಿ ಈಜುತ್ತ ಅಲ್ಲಲ್ಲೇ ನಿಂತವು.

"ನೋಡ್ರೇ ದುರಗವ್ವಾ!" ಎಂದು ಕೂಗಿದಳು ಹುಲಿಗೆಮ್ಮ. "ಹೆಂಗ ಎದಿ ಕೊಟ್ಟು ನಿಂತಾವ ನೋಡು!"

ದುರಗಮ್ಮ ನೋಡಿದಳು. ಸುಗಂಧಿಯ ಹತ್ತಿರ ಬಂದು, ಅವಳ ಒದ್ದೆ ಕೈಯೆರಡನ್ನೂ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಆಗ ಸುಗಂಧಿಗೆ ಅಳು ಬಂತು.

ಅರವತ್ತು ಪೆಟ್ಟಿಗೆಗಳಲ್ಲಿ ಒಂದೂ ಸಾಯಲಿಲ್ಲ.

*

ಆ ವರ್ಷದ ಕೊನೆಗೆ ಐರಿನ್ ಬರೆದ ವೈಜ್ಞಾನಿಕ ವರದಿಯ ಮೇಲೆ ಎರಡು ಹೆಸರುಗಳಿದ್ದವು. ಮೊದಲನೆಯದು ಸುಗಂಧಿ ಮೊಗವೀರ, ಪ್ಯಾಕಿಂಗ್ ವಿಭಾಗ. ಹೊಂದಿಕೆಯಾಗದ ಆ ಒಂದು ಸಾಗಣೆಯನ್ನೂ ವರದಿಯಲ್ಲಿ ಬರೆಯಲಾಗಿತ್ತು, ಕಾರಣ ತಿಳಿದಿಲ್ಲ ಎಂದು. ಇವತ್ತಿಗೂ ತಿಳಿದಿಲ್ಲ. ಅಕ್ಕಮ್ಮನಿಗೆ ವರದಿ ಓದಿ ಹೇಳಿದಾಗ ಅವರು, "ಇದ್ ಬರಿಯುಕೆ ಇಷ್ಟ್ ದೊಡ್ಡ ಪುಸ್ತಕ ಬೇಕಾಯ್ತಾ?" ಎಂದರು. ಆದರೆ ಮಗಳ ಹೆಸರಿದ್ದ ಪುಟವನ್ನು ಮಡಚಿ ತಮ್ಮ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಎರಡು ವರ್ಷ ಕಳೆದು ಹುಲಿಗೆಮ್ಮನ ಮಗಳ ಮದುವೆಗೆ ಗಂಡ ಹೆಂಡತಿ ಸಿಂಧನೂರಿಗೆ ಹೋದರು. ಬಸ್ಸಿಳಿದು ಹೊಂಡಗಳಿಗೆ ಹೋಗುವ ದಾರಿಯಲ್ಲಿ ಒಂದು ಚಹಾದಂಗಡಿಯಲ್ಲಿ ಕುಳಿತರು. ಸುತ್ತ ಕಣ್ಣು ಹಾಯುವಷ್ಟು ದೂರ ಬಯಲು, ಬಿಸಿಲು. ಅಂಗಡಿಯ ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಇಂದು ಭರತ — ಮುಂಜಾನೆ 10-50, ರಾತ್ರಿ 11-15.

ಭುಜಂಗ ಅದನ್ನು ಓದಿ ಹೆಂಡತಿಯ ಕಡೆ ನೋಡಿದ. ಅಂಗಡಿಯವನು ಚಹಾ ತಂದಿಟ್ಟು, ಇವರು ಹಲಗೆ ನೋಡುವುದನ್ನು ಕಂಡು, "ಹೊಸಬ್ರ ಏನ್ರಿ?" ಎಂದ. "ಅದು ಕಡಲಿನ ವ್ಯಾಳ್ಯಾ ಐತ್ರಿ. ಗಂಗೊಳ್ಳಿ ಅಂತ, ಅಲ್ಲಿಂದು. ನಮ್ಮ ಹೊಂಡದ ಮಂದಿ ಅದನ್ನ ನೋಡೇ ಪೆಟಗಿ ಬಿಚ್ಚತಾರ."

"ನೀವ್ ಕಡ್ಲ್ ಕಂಡಿದ್ರ್ಯಾ?" ಎಂದ ಭುಜಂಗ.

"ಎಲ್ಲಿದು ತಗೀರಿ! ನಮ್ಮ ಅಪ್ಪನೂ ಕಂಡಿಲ್ಲ. ಆದರ ಈಗ ನಮ್ಮೂರಾಗ ಯಾರನ್ನ ಕೇಳ್ರಿ, ಕಡಲಾಗ ನೀರು ಏರಾಕತ್ತೈತೊ ಇಳ್ಯಾಕತ್ತೈತೊ ಹೇಳತಾರ." ಅವನು ಎದೆಯುಬ್ಬಿಸಿ ಹಲಗೆಯ ಕಡೆ ಕೈ ತೋರಿಸಿದ. "ಸುಗಂಧಕ್ಕಾರು ಅಂತ ಒಬ್ರು ಅದಾರ, ಅವರು ದಿನಾ ಮುಂಜಾನಿ ಬರದು ಕಳಸತಾರ. ಒಂದು ದಿನಾನೂ ತಪ್ಪಿಲ್ಲ ನೋಡ್ರಿ."

ಭುಜಂಗ ಬಾಯಿ ತೆರೆದ. ಮೇಜಿನ ಕೆಳಗೆ ಸುಗಂಧಿ ಅವನ ಕಾಲು ಮೆಟ್ಟಿದಳು. ಅವನು ಬಾಯಿ ಮುಚ್ಚಿಕೊಂಡು ಚಹಾ ಕುಡಿದ.

ಅಂಗಡಿಯವನು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ. ಬೇಲಿಯಾಚೆ ಹೊಂಡದಲ್ಲಿ ಗಾಳಿಚಕ್ರಗಳು ನೀರು ಚಿಮ್ಮಿಸುತ್ತ ತಿರುಗುತ್ತಿದ್ದವು. ಸುಗಂಧಿ ಲೋಟ ಕೆಳಗಿಟ್ಟು, ಸೆರಗು ಸರಿಪಡಿಸಿಕೊಂಡು, ಬೆನ್ನು ನೇರ ಮಾಡಿ ಕುಳಿತಳು.

"ಇನ್ನೊಂದ್ ಚಾ ಕೊಡಿ," ಎಂದಳು.